ಸೇರಿದ ಹುದ್ದೆಯಲ್ಲೇ ನಿವೃತ್ತಿಯೇ?

ಮನೆಯ ಮಗನಿಗೋ ಮಗಳಿಗೋ ನೌಕರಿಯ ಆದೇಶ ಪತ್ರ ಬಂದಿತೆಂದರೆ ನಮ್ಮ ಮನೆಗಳಲ್ಲಿ ಅಂದು ಈದ್‌ನ ಸಂಭ್ರಮ. ಹುಬ್ಬಳ್ಳಿ-ಧಾರವಾಡದ ಮನೆಯಾದರೆ ಪೇಢೆಯ ಪೊಟ್ಟಣ ಬಿಚ್ಚಿಕೊಳ್ಳುತ್ತದೆ. ಓಣಿಯ ಮನೆಮನೆಗೂ ಸಿಹಿ ಹೋಗುತ್ತದೆ. ಅಮ್ಮಿ ಎರಡು ರಕಅತ್ ನಮಾಝ್ ನಿರ್ವಹಿಸಿ ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸುತ್ತಾರೆ. ತನ್ನ ಜವಾಬ್ದಾರಿ ಮುಗಿಯಿತೆಂದು ಅಬ್ಬಾ ನೆಮ್ಮದಿಯ ಉಸಿರು ಬಿಡುತ್ತಾರೆ. ಮರುದಿನದಿಂದ ಮದುವೆಯ ಮಾತುಕತೆ ಶುರುವಾಗುತ್ತದೆ.

ಆದರೆ ಆ ನೌಕರಿಯ ಕುರಿತು ಮನೆಯಲ್ಲಿ ನಡೆಯುವ ಗಂಭೀರ ಚರ್ಚೆಯೂ ಹೆಚ್ಚಾಗಿ ಅಂದಿಗೇ ಕೊನೆಗೊಳ್ಳುತ್ತದೆ. ಮಗ ಯಾವ ಹುದ್ದೆಯಲ್ಲಿದ್ದಾನೆ, ಅದರ ಮೇಲಿನ ಹುದ್ದೆ ಯಾವುದು, ಅಲ್ಲಿಗೆ ತಲುಪಲು ಯಾವ ತರಬೇತಿ ಪಡೆಯಬೇಕು, ಯಾವ ಪರೀಕ್ಷೆ ಬರೆಯಬೇಕು ಎಂದು ಆಮೇಲೆ ಕೇಳುವವರು ವಿರಳ. ಹತ್ತು ವರ್ಷ ಕಳೆಯುತ್ತದೆ, ಇಪ್ಪತ್ತು ವರ್ಷ ಕಳೆಯುತ್ತದೆ. ಜೊತೆಯಲ್ಲಿ ಕೆಲಸಕ್ಕೆ ಸೇರಿದವನು ಮೇಲ್ವಿಚಾರಕನಾಗಿ ಕುರ್ಚಿಯಲ್ಲಿ ಕುಳಿತಿರುತ್ತಾನೆ. ನಮ್ಮವನು ಅದೇ ಹಳೆಯ ಹಾಜರಿ ಪುಸ್ತಕದಲ್ಲಿ ಸಹಿ ಮಾಡುತ್ತಿರುತ್ತಾನೆ. ‘ನಸೀಬು’ ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ಇದು ನಿಜವಾಗಿಯೂ ನಸೀಬೇ? ಅಥವಾ ನಮ್ಮ ಕಣ್ಣೆದುರಿಗೇ ಇದ್ದ ಏಣಿಯನ್ನು ನಾವು ನೋಡಲಿಲ್ಲವೇ?

ಒಂದು ಅಂಕಿ ಹೇಳುವ ಕಥೆ

ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ 2006ರಲ್ಲಿ ಹೊರಬಂದಾಗ ಅದರಲ್ಲಿದ್ದ ಒಂದು ಅಂಕಿ ಹುಬ್ಬಳ್ಳಿಯಂತಹ ರೈಲ್ವೆ ನಗರದವರು ವಿಶೇಷವಾಗಿ ಗಮನಿಸಬೇಕಾದದ್ದಾಗಿತ್ತು. ಭಾರತೀಯ ರೈಲ್ವೆಯ ನೌಕರರಲ್ಲಿ ಮುಸ್ಲಿಮರ ಪಾಲು ಶೇ. 4.5. ಅವರಲ್ಲಿ ಶೇ. 98.7ರಷ್ಟು ಮಂದಿ ಕೆಳ ದರ್ಜೆಯ ಹುದ್ದೆಗಳಲ್ಲಿದ್ದರು.

ಇದರ ಮೊದಲ ಅಂಕಿ ನೇಮಕಾತಿಗೆ, ಅಂದರೆ ಬಾಗಿಲಿಗೆ ಸಂಬಂಧಿಸಿದ್ದು. ಅದರ ಬಗ್ಗೆ ಸಾಕಷ್ಟು ಭಾಷಣಗಳಾಗಿವೆ, ಲೇಖನಗಳು ಬಂದಿವೆ. ಎರಡನೆಯ ಅಂಕಿಯನ್ನು ಮಾತ್ರ ಸ್ವಲ್ಪ ಎಚ್ಚರಿಕೆಯಿಂದ ಓದಬೇಕು. ರೈಲ್ವೆಯಂತಹ ದೊಡ್ಡ ಇಲಾಖೆಯಲ್ಲಿ ಅಧಿಕಾರಿಗಳ ಸಂಖ್ಯೆ ಯಾವಾಗಲೂ ಕಡಿಮೆ. ಯಾವ ಸಮುದಾಯವನ್ನು ನೋಡಿದರೂ ಬಹುಪಾಲು ಜನ ಕೆಳ ದರ್ಜೆಯಲ್ಲೇ ಇರುತ್ತಾರೆ. ಆದ್ದರಿಂದ ಈ ಅಂಕಿ ತೋರಿಸಿ ಯಾರನ್ನಾದರೂ ದೂರುವುದರಿಂದ ಪ್ರಯೋಜನವಿಲ್ಲ. ನಾವು ಕಲಿಯಬೇಕಾದ ಪಾಠ ಬೇರೆ. ನಮ್ಮ ಮನೆಗಳಿಂದ ಒಳಗೆ ಹೋದವರೆಲ್ಲ ಏಣಿಯ ಕೆಳಗಿನ ಮೆಟ್ಟಿಲಿನಿಂದಲೇ ಆರಂಭಿಸುತ್ತಿದ್ದಾರೆ. ಹಾಗಿರುವಾಗ ಇಲಾಖೆಯ ತರಬೇತಿ ಮತ್ತು ಇಲಾಖಾ ಪರೀಕ್ಷೆಗಳೇ ಅವರಿಗೆ ಮೇಲೇರುವ ದಾರಿ. ಬಾಗಿಲು ತೆರೆಸಲು ನಾವು ಪಡುವ ಶ್ರಮದ ಕಾಲುಭಾಗವನ್ನಾದರೂ ಏಣಿ ಹತ್ತಲು ಪಡುತ್ತಿದ್ದೇವೆಯೇ?

ನಿಮ್ಮ ಊರಿನಲ್ಲೇ ಇರುವ ಏಣಿಗಳು

ಹುಬ್ಬಳ್ಳಿ ರೈಲಿನೊಂದಿಗೆ ಬೆಳೆದ ಊರು. ಸದರ್ನ್ ಮರಾಠಾ ರೈಲ್ವೆ ಕಂಪೆನಿ 1880ರ ದಶಕದಲ್ಲಿ ಇಲ್ಲಿ ಕಾರ್ಯಾಗಾರ ಕಟ್ಟಿತು. 2003ರ ಏಪ್ರಿಲ್ 1ರಂದು ನೈಋತ್ಯ ರೈಲ್ವೆ ವಲಯ ಆರಂಭವಾದಾಗ ಅದರ ಕೇಂದ್ರ ಕಚೇರಿಯೂ ಹುಬ್ಬಳ್ಳಿಯಲ್ಲೇ ನೆಲೆಗೊಂಡಿತು. ಹಳಿ ನೋಡಿಕೊಳ್ಳುವ ಟ್ರ್ಯಾಕ್‌ಮನ್ ಆಗಿ, ಕಾರ್ಯಾಗಾರದ ಹೆಲ್ಪರ್ ಆಗಿ ಸೇರಿದವರಿಗೂ ಇಲ್ಲಿ ಮೇಲಿನ ದಾರಿ ಇದೆ. ಗುಮಾಸ್ತ, ತಂತ್ರಜ್ಞ ಮುಂತಾದ ಹುದ್ದೆಗಳ ಒಂದು ಪಾಲನ್ನು ಕೆಲಸದಲ್ಲಿರುವವರಿಂದಲೇ ತುಂಬಲಾಗುತ್ತದೆ. ಕುಶಲ ಕೆಲಸಗಾರರು ಇಲಾಖಾ ಪರೀಕ್ಷೆ ಬರೆದು ಜೂನಿಯರ್ ಎಂಜಿನಿಯರ್ ಆಗಲು ಪ್ರತ್ಯೇಕ ಕೋಟಾ ಇದೆ. ನೇರ ನೇಮಕಾತಿಗೆ ಮೀಸಲಾದ ಹುದ್ದೆಗಳಲ್ಲೂ ಒಂದು ಭಾಗಕ್ಕೆ ಸೇವೆಯಲ್ಲಿರುವವರು ಜಿ.ಡಿ.ಸಿ.ಇ. ಎಂಬ ಪರೀಕ್ಷೆಯ ಮೂಲಕ ಸ್ಪರ್ಧಿಸಬಹುದು. ಸಿ ಗುಂಪಿನಿಂದ ಅಧಿಕಾರಿ ದರ್ಜೆಯಾದ ಬಿ ಗುಂಪಿಗೆ ಹೋಗುವಲ್ಲಿ ಶೇ. 70ರಷ್ಟು ಹುದ್ದೆಗಳು ಹಿರಿತನದ ಪಟ್ಟಿಯಲ್ಲಿರುವವರ ಆಯ್ಕೆ ಪರೀಕ್ಷೆಗೆ, ಶೇ. 30ರಷ್ಟು ಸೀಮಿತ ಸ್ಪರ್ಧಾತ್ಮಕ ಪರೀಕ್ಷೆಗೆ ಮೀಸಲು. ಈ ಎರಡನೆಯ ದಾರಿಯಲ್ಲಿ ಕಿರಿಯನೂ ಓದಿನ ಬಲದಿಂದ ಹಿರಿಯರನ್ನು ದಾಟಬಲ್ಲ.

ಬಸ್ಸಿನ ಕಡೆ ನೋಡಿ. 1997ರಲ್ಲಿ ರೂಪುಗೊಂಡ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದೆ. ಚಾಲಕ, ನಿರ್ವಾಹಕರಾಗಿ ನಮ್ಮ ಸಹೋದರರು ಅಲ್ಲಿ ದುಡಿಯುತ್ತಿದ್ದಾರೆ. ನಿರ್ವಾಹಕನ ಮುಂದೆ ಸಂಚಾರ ನಿಯಂತ್ರಕ, ಸಂಚಾರ ನಿರೀಕ್ಷಕರ ಮೆಟ್ಟಿಲುಗಳಿವೆ. ಡಿಪೋದ ಕಾರ್ಯಾಗಾರದಲ್ಲಿ ದುಡಿಯುವವನಿಗೂ ಮೇಲಿನ ದರ್ಜೆಗಳಿವೆ.

ಅಂಚೆ ಇಲಾಖೆಯ ಉತ್ತರ ಕರ್ನಾಟಕ ವಲಯದ ಕಚೇರಿ ಧಾರವಾಡದಲ್ಲಿದೆ. ಹಳ್ಳಿಯ ಗ್ರಾಮೀಣ ಡಾಕ್ ಸೇವಕನಾಗಿ ಸೇರಿದವನು ಪರೀಕ್ಷೆ ಬರೆದು ಪೋಸ್ಟ್‌ಮ್ಯಾನ್ ಆಗಬಹುದು. ಪೋಸ್ಟ್‌ಮ್ಯಾನ್ ಆದವನು ಮತ್ತೊಂದು ಪರೀಕ್ಷೆ ಬರೆದು ಅಂಚೆ ಸಹಾಯಕನಾಗಬಹುದು.

ರಾಜ್ಯ ಸರಕಾರದ ಕಚೇರಿಗಳಲ್ಲಿ ಗುಮಾಸ್ತರಾಗಿರುವವರು ಕರ್ನಾಟಕ ಲೋಕಸೇವಾ ಆಯೋಗ ನಡೆಸುವ ಇಲಾಖಾ ಪರೀಕ್ಷೆಗಳಲ್ಲಿ ತಮ್ಮ ಹುದ್ದೆಗೆ ಗೊತ್ತುಪಡಿಸಿದವುಗಳನ್ನು ಪಾಸು ಮಾಡಬೇಕು. 2012ರ ನಿಯಮಗಳ ಪ್ರಕಾರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೂ ಇದೆ. ಎಷ್ಟೋ ಜನರ ಬಡ್ತಿ ನಿಂತುಹೋಗಿರುವುದು ಯಾರ ದ್ವೇಷದಿಂದಲೂ ಅಲ್ಲ, ಪಾಸು ಮಾಡದೆ ಉಳಿದ ಒಂದು ಪತ್ರಿಕೆಯಿಂದ.

ಇನ್ನು ಸಹೋದರಿಯರ ವಿಷಯ. ಹುಬ್ಬಳ್ಳಿಯಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರಕಾರಿ ಆಸ್ಪತ್ರೆಯಿಂದ ಹಿಡಿದು ಚಿಕ್ಕ ನರ್ಸಿಂಗ್ ಹೋಮ್‌ಗಳವರೆಗೆ ಅನೇಕ ಕಡೆ ನಮ್ಮ ಹೆಣ್ಣುಮಕ್ಕಳು ಶುಶ್ರೂಷಕಿಯರಾಗಿದ್ದಾರೆ. ಜಿ.ಎನ್.ಎಂ. ಡಿಪ್ಲೊಮಾ ಮಾಡಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದರೆ ಪದವೀಧರರಾಗುತ್ತಾರೆ. ಬೋಧನೆಯ ಬಾಗಿಲೂ ತೆರೆಯುತ್ತದೆ. ಅಂಗನವಾಡಿ ಮೇಲ್ವಿಚಾರಕಿಯರ ಹುದ್ದೆಗಳಲ್ಲಿ ಒಂದು ಪಾಲು ಅರ್ಹ ಅಂಗನವಾಡಿ ಕಾರ್ಯಕರ್ತೆಯರಿಗೇ ಮೀಸಲಾಗಿದೆ.

ಧಾರವಾಡದ ವಾಹನ ಕಾರ್ಖಾನೆಗಳಂತಹ ದೊಡ್ಡ ಖಾಸಗಿ ಸಂಸ್ಥೆಗಳಲ್ಲೂ ತರಬೇತಿ ವಿಭಾಗಗಳಿರುತ್ತವೆ. ಹೆಸರು ಬೇರೆ, ಕ್ರಮ ಬೇರೆ. ಆದರೆ ತತ್ವ ಒಂದೇ: ಕೆಲಸಗಾರನ ಕೈಯಲ್ಲಿ ಕೌಶಲ ಹೆಚ್ಚಿದರೆ ಸಂಸ್ಥೆಗೂ ಲಾಭ, ಅವನಿಗೂ ಲಾಭ.

ಪ್ರವಾದಿ ಕಳಿಸಿದ ತರಬೇತಿ

ಕೆಲಸದ ಅಗತ್ಯಕ್ಕಾಗಿ ಹೊಸದನ್ನು ಕಲಿಯುವುದು ನಮಗೆ ಹೊಸ ವಿಚಾರವಲ್ಲ. ಝೈದ್ ಬಿನ್ ಸಾಬಿತ್(ರ) ಮದೀನಾದ ತರುಣರು, ಪ್ರವಾದಿಯವರ(ಸ) ಬರಹಗಾರರು. ಯಹೂದಿಗಳೊಂದಿಗೆ ಪತ್ರ ವ್ಯವಹಾರ ಮಾಡಬೇಕಾಗಿದ್ದುದರಿಂದ ಅವರ ಬರವಣಿಗೆಯನ್ನು ಕಲಿತುಕೊಳ್ಳುವಂತೆ ಪ್ರವಾದಿಯವರು(ಸ) ಅವರಿಗೆ ಸೂಚಿಸಿದರು. ಅವರು ಸುಮಾರು ಅರ್ಧ ತಿಂಗಳಲ್ಲಿ ಅದನ್ನು ಕಲಿತರೆಂದು ಹದೀಸ್ ವರದಿಗಳು ತಿಳಿಸುತ್ತವೆ. ಆ ಬಳಿಕ ಪ್ರವಾದಿಯವರ(ಸ) ಪರವಾಗಿ ಪತ್ರ ಬರೆಯುವುದು, ಬಂದ ಪತ್ರಗಳನ್ನು ಓದಿ ಹೇಳುವುದು ಅವರ ಕೆಲಸವಾಯಿತು. ಮುಂದೆ ಪವಿತ್ರ ಕುರ್‌ಆನ್‌ನ ಸಂಗ್ರಹದಂತಹ ಮಹತ್ಕಾರ್ಯದ ಹೊಣೆಯೂ ಅವರ ಹೆಗಲಿಗೇ ಬಂತು.

ಈ ಘಟನೆಯಲ್ಲಿ ಮೂರು ಸಂಗತಿಗಳನ್ನು ಗಮನಿಸಿ. ಕಲಿಕೆ ಕೆಲಸದ ನಿಜವಾದ ಅಗತ್ಯಕ್ಕೆ ಸಂಬಂಧಿಸಿತ್ತು. ಅವರು ಅದನ್ನು ಮುಂದೂಡಲಿಲ್ಲ. ಕಲಿತದ್ದನ್ನು ತಕ್ಷಣವೇ ಕೆಲಸದಲ್ಲಿ ಬಳಸಿದರು. ಇಂದಿನ ಯಾವ ತರಬೇತಿ ಕಾರ್ಯಕ್ರಮದಿಂದಲಾದರೂ ಪೂರ್ಣ ಪ್ರಯೋಜನ ಪಡೆಯಲು ಇಷ್ಟು ಸೂತ್ರ ಸಾಕು.

ತನ್ನನ್ನು ಆರಿಸಿರೆಂದು ತಾನೇ ಕೇಳುವುದು ವಿನಯಕ್ಕೆ ವಿರುದ್ಧವಲ್ಲವೇ ಎಂದು ಕೆಲವು ಸಜ್ಜನರು ಸಂಕೋಚಪಡುತ್ತಾರೆ. ಪ್ರವಾದಿ ಯೂಸುಫರ(ಅ) ಚರಿತ್ರೆಯನ್ನು ನೆನಪಿಸಿಕೊಳ್ಳಿ. ಈಜಿಪ್ಟಿನ ಮುಂದೆ ಬರಗಾಲ ಕಾದಿದ್ದಾಗ ಅವರು ಭಂಡಾರಗಳ ಹೊಣೆಯನ್ನು ತನಗೆ ಒಪ್ಪಿಸುವಂತೆ ರಾಜನಲ್ಲಿ ತಾವೇ ಕೇಳಿದರು. ಅದನ್ನು ಕಾಪಾಡುವ ಸಾಮರ್ಥ್ಯ ಮತ್ತು ಜ್ಞಾನ ತನ್ನಲ್ಲಿದೆಯೆಂದೂ ಹೇಳಿದರು. ಅಧಿಕಾರದ ಮೋಹದಿಂದ ಕುರ್ಚಿ ಬೇಡುವುದು ಬೇರೆ, ಬಲ್ಲ ಕೆಲಸಕ್ಕೆ ಹೊಣೆಯರಿತು ಮುಂದೆ ಬರುವುದು ಬೇರೆ.

ಏಕೆ ಕೈ ತಪ್ಪುತ್ತದೆ?

ಮೊದಲ ಕಾರಣ, ಸುತ್ತೋಲೆಯನ್ನು ಓದದಿರುವುದು. ಇಲಾಖಾ ಪರೀಕ್ಷೆಯ ಪ್ರಕಟಣೆ ಯಾರ ಮನೆಯ ಬಾಗಿಲಿಗೂ ಬರುವುದಿಲ್ಲ. ಸೂಚನಾ ಫಲಕದಲ್ಲಿ ಹತ್ತಾರು ಕಾಗದಗಳ ನಡುವೆ ಅದೂ ತೂಗುತ್ತಿರುತ್ತದೆ. ಅರ್ಜಿ ಹಾಕುವ ಕೊನೆಯ ದಿನ ಕಳೆದ ಮೇಲೆ ಚಹಾದ ಅಂಗಡಿಯಲ್ಲಿ ಸುದ್ದಿ ತಿಳಿಯುತ್ತದೆ.

ಎರಡನೆಯದು ಭಾಷೆಯ ಭಯ. ಉರ್ದು ಮಾಧ್ಯಮದಲ್ಲಿ ಓದಿದವನಿಗೆ ಕಚೇರಿಯ ಕನ್ನಡ ಕಷ್ಟ. ಕನ್ನಡದಲ್ಲಿ ಓದಿದವನಿಗೆ ನಿಯಮಾವಳಿಯ ಇಂಗ್ಲಿಷ್ ಕಷ್ಟ. ಆದರೆ ಕಚೇರಿಯ ಭಾಷೆ ಸಾಹಿತ್ಯದ ಭಾಷೆಯಲ್ಲ. ಅದೇ ಇನ್ನೂರು ಮುನ್ನೂರು ಪದಗಳು ತಿರುಗಿ ತಿರುಗಿ ಬರುತ್ತವೆ. ದಿನಕ್ಕೆ ಐದು ಪದ ಬರೆದಿಟ್ಟುಕೊಂಡರೆ ಎರಡು ತಿಂಗಳಲ್ಲಿ ಭಯ ಹೋಗುತ್ತದೆ.

ಮೂರನೆಯ ಕಾರಣವೇ ಎಲ್ಲಕ್ಕಿಂತ ದೊಡ್ಡದು: ವರ್ಗಾವಣೆ. “ಬಡ್ತಿ ಸಿಕ್ಕರೆ ಬೇರೆ ಊರಿಗೆ ಹಾಕುತ್ತಾರೆ, ಬೇಡವೇ ಬೇಡ” ಎಂದು ಪರೀಕ್ಷೆಯನ್ನೇ ಬರೆಯದವರು ಎಷ್ಟೋ ಮಂದಿ. ಈ ಚಿಂತೆ ಸುಳ್ಳಲ್ಲ. ವಯಸ್ಸಾದ ತಂದೆ-ತಾಯಿ ಇದ್ದಾರೆ, ಮಕ್ಕಳ ಶಾಲೆ ಇದೆ, ಹಳೇ ಹುಬ್ಬಳ್ಳಿಯಲ್ಲಿ ಸ್ವಂತ ಮನೆ ಇದ್ದವನು ಇನ್ನೊಂದು ಊರಿನಲ್ಲಿ ಬಾಡಿಗೆ ಕಟ್ಟಬೇಕು. ಆದರೆ ಕೇವಲ ಊಹೆಯ ಮೇಲೆ ತೀರ್ಮಾನಿಸಬೇಡಿ. ನೈಋತ್ಯ ರೈಲ್ವೆಯಲ್ಲಿ ಇರುವುದು ಹುಬ್ಬಳ್ಳಿ, ಬೆಂಗಳೂರು, ಮೈಸೂರು ಎಂಬ ಮೂರೇ ವಿಭಾಗಗಳು. ವಾಯವ್ಯ ಸಾರಿಗೆಯ ವ್ಯಾಪ್ತಿ ಬೆಳಗಾವಿ, ಧಾರವಾಡ, ಉತ್ತರ ಕನ್ನಡ, ಬಾಗಲಕೋಟೆ, ಗದಗ, ಹಾವೇರಿ ಎಂಬ ಆರು ಜಿಲ್ಲೆಗಳು. ಗದಗ ಅಥವಾ ಹಾವೇರಿಗೆ ಹಾಕಿದರೆ ದಿನವೂ ಓಡಾಡಬಹುದಾದ ದೂರ. ಹಿಂದೆ ಬಡ್ತಿ ಪಡೆದವರನ್ನು ಎಲ್ಲಿಗೆ ಹಾಕಿದರು, ಎಷ್ಟು ವರ್ಷಕ್ಕೆ ಮರಳಿದರು ಎಂದು ಅವರನ್ನೇ ಕೇಳಿ. ಆ ಮೇಲೆ ಮನೆಯವರೆಲ್ಲ ಕುಳಿತು ಸಮಾಲೋಚಿಸಿ. ಬೇಡವೆಂಬುದು ಅಂತಿಮ ತೀರ್ಮಾನವಾದರೆ ಅದೂ ಗೌರವದ ತೀರ್ಮಾನವೇ. ಆದರೆ ಒಂದು ಮಾತು ತಿಳಿದಿರಲಿ: ಕೇಂದ್ರ ಸರಕಾರದ ಸೇವೆಯಲ್ಲಿ ಬಂದ ಬಡ್ತಿಯನ್ನು ನಿರಾಕರಿಸಿದವರಿಗೆ ಸಾಮಾನ್ಯವಾಗಿ ಒಂದು ವರ್ಷ ಮತ್ತೆ ಅವಕಾಶ ಬರುವುದಿಲ್ಲ.

ಲೆಕ್ಕ ಹಾಕುವಾಗ ಈ ತಿಂಗಳ ಸಂಬಳವನ್ನಷ್ಟೇ ನೋಡಬೇಡಿ. ಕೇಂದ್ರದಲ್ಲಿ 2004ರ ಜನವರಿಗೆ ಮೊದಲು, ರಾಜ್ಯದಲ್ಲಿ 2006ರ ಏಪ್ರಿಲ್‌ಗೆ ಮೊದಲು ಸೇರಿದವರ ಪಿಂಚಣಿ ಕೊನೆಯ ಮೂಲ ವೇತನವನ್ನು ಅವಲಂಬಿಸಿದೆ. ಆ ನಂತರ ಸೇರಿ ಹೊಸ ಪಿಂಚಣಿ ಯೋಜನೆಯಲ್ಲಿರುವವರ ವಂತಿಗೆಯೂ ವೇತನದ ಶೇಕಡಾವಾರು ಲೆಕ್ಕದಲ್ಲೇ ಜಮೆಯಾಗುತ್ತದೆ. ಇಂದು ಬಿಟ್ಟ ಒಂದು ಬಡ್ತಿ ಮುಂದೆ ಮುಪ್ಪಿನಲ್ಲಿ, ಕೆಲವೊಮ್ಮೆ ವಿಧವೆಯಾದ ಹೆಂಡತಿಯ ಕೈಗೆ ಬರುವ ಮೊತ್ತದಲ್ಲಿ ಕಡಿತವಾಗಿ ಕಾಣಿಸಿಕೊಳ್ಳುತ್ತದೆ.

ತರಬೇತಿಗೆ ಹೋಗುವ ಮೊದಲು

ತರಬೇತಿಗೆ ಹೆಸರು ಬಂದರೆ ‘ಕೆಲಸಕ್ಕೆ ಎಂಟು ದಿನ ರಜೆ ಸಿಕ್ಕಿತು’ ಎಂದು ಹೋಗುವವರಿದ್ದಾರೆ. ಊಟ ಚೆನ್ನಾಗಿತ್ತು, ಸರ್ಟಿಫಿಕೇಟ್ ಸಿಕ್ಕಿತು, ಅಲ್ಲಿಗೆ ಮುಗಿಯಿತು. ಅಂಥ ತರಬೇತಿಯಿಂದ ಸಂಸ್ಥೆಯ ಹಣವೂ ಹಾಳು, ನಿಮ್ಮ ಕಾಲವೂ ಹಾಳು. ಕಾಲವು ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್ತಾಗಿದೆ. ಅದರ ಲೆಕ್ಕವನ್ನು ಕೊಡಬೇಕಾಗಿದೆ.

ಆದ್ದರಿಂದ ಮೊದಲು ಹೀಗೆ ಮಾಡಿ:

• ನಿಮ್ಮ ಹುದ್ದೆಯ ಮೇಲಿನ ಎರಡು ಹುದ್ದೆಗಳ ಹೆಸರು ಬರೆಯಿರಿ. ಅವುಗಳಿಗೆ ಬೇಕಾದ ವಿದ್ಯಾರ್ಹತೆ, ಸೇವಾವಧಿ, ಪರೀಕ್ಷೆಗಳನ್ನು ಸಿಬ್ಬಂದಿ ವಿಭಾಗದಲ್ಲಿ ಕೇಳಿ ಬರೆದುಕೊಳ್ಳಿ. ಬಾಯಿಮಾತನ್ನು ನಂಬದೆ ನಿಯಮದ ಪ್ರತಿಯನ್ನೇ ನೋಡಿ.

• ನಿಮ್ಮ ಸೇವಾ ಪುಸ್ತಕವನ್ನು ನೋಡಲು ಕೇಳಿ. ನಮ್ಮಲ್ಲಿ ಹೆಸರಿನ ತೊಂದರೆ ಬಹಳ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ, ಸೇವಾ ಪುಸ್ತಕದಲ್ಲಿ ಮತ್ತೊಂದು ಬಗೆ ಇರುತ್ತದೆ. ಮದುವೆಯ ನಂತರ ಸಹೋದರಿಯರ ಹೆಸರಿನ ಮುಂದೆ ಗಂಡನ ಹೆಸರು ಸೇರಿಕೊಂಡಿರುತ್ತದೆ. ಬಡ್ತಿಯ ಸಮಯದಲ್ಲಿ ಇದು ಎದ್ದು ಬಂದರೆ ತಿಂಗಳುಗಟ್ಟಲೆ ಅಲೆದಾಟ. ಈಗಲೇ ಸರಿಪಡಿಸಿ.

• ಹಿರಿತನದ ಪಟ್ಟಿ ಪ್ರಕಟವಾದಾಗ ನಿಮ್ಮ ಸ್ಥಾನ ನೋಡಿಕೊಳ್ಳಿ. ತಪ್ಪಿದ್ದರೆ ಆಕ್ಷೇಪಣೆಗೆ ಕೊಟ್ಟ ಅವಧಿಯೊಳಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ.

• ತರಬೇತಿ ಬೇಕೆಂದಿದ್ದರೆ ಕೇಳಿ. ಮೌಖಿಕವಾಗಿ ಒಮ್ಮೆ, ಬರೆಹದಲ್ಲಿ ಒಮ್ಮೆ. ‘ನನಗೆ ತರಬೇತಿ ಕೊಡಿ’ ಎನ್ನುವುದಕ್ಕಿಂತ, ‘ಈ ತರಬೇತಿ ಪಡೆದರೆ ನಮ್ಮ ವಿಭಾಗದ ಈ ಕೆಲಸವನ್ನು ನಾನೇ ಮಾಡಬಲ್ಲೆ’ ಎಂದರೆ ಅಧಿಕಾರಿಗೆ ಒಪ್ಪಲು ಸುಲಭ.

ಖಾಸಗಿ ಸಂಸ್ಥೆಯಲ್ಲಿರುವವರಿಗೆ ಒಂದು ಎಚ್ಚರಿಕೆ. ದುಬಾರಿ ತರಬೇತಿ ಕೊಡುವಾಗ ಕೆಲವು ಸಂಸ್ಥೆಗಳು ಇಂತಿಷ್ಟು ವರ್ಷ ಬಿಟ್ಟು ಹೋಗುವುದಿಲ್ಲವೆಂದು ಕರಾರು ಪತ್ರ ಬರೆಸಿಕೊಳ್ಳುತ್ತವೆ. ಓದದೆ ಸಹಿ ಮಾಡಬೇಡಿ. ಎಷ್ಟು ವರ್ಷ, ಬಿಟ್ಟರೆ ಎಷ್ಟು ಹಣ ಎಂಬುದನ್ನು ತಿಳಿದುಕೊಳ್ಳಿ. ಸಹಿ ಮಾಡಿದ ಮೇಲೆ ಮಾತಿಗೆ ಬದ್ಧರಾಗಿರಿ. ಕರಾರು ಪಾಲಿಸುವುದು ವಿಶ್ವಾಸಿಯ ಲಕ್ಷಣವಾಗಿದೆ.

ತರಬೇತಿಯಲ್ಲಿ ಮತ್ತು ಆ ಬಳಿಕ

ತರಬೇತಿಗೆ ಹೋಗುವಾಗ ನಿಮ್ಮ ದಿನನಿತ್ಯದ ಕೆಲಸದ ಮೂರು ತೊಡಕುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಬಿಲ್ಲು ತಯಾರಿಸುವಲ್ಲಿ ತಪ್ಪಾಗುತ್ತದೆಯೇ? ಯಂತ್ರದ ಒಂದು ಭಾಗ ಪದೇ ಪದೇ ಕೆಡುತ್ತದೆಯೇ? ರೋಗಿಯ ದಾಖಲೆಯನ್ನು ಕಂಪ್ಯೂಟರಿಗೆ ಹಾಕಲು ತಡವಾಗುತ್ತದೆಯೇ? ಮುಂದಿನ ಸಾಲಿನಲ್ಲಿ ಕುಳಿತು ಅವುಗಳನ್ನೇ ಕೇಳಿ. ಪಾಠ ಹೇಳುವವರು ನಿಮ್ಮ ಇಲಾಖೆಯ ಅನುಭವಿಗಳೇ ಆಗಿರುತ್ತಾರೆ. ಪ್ರಶ್ನೆ ಕೇಳುವವನನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ. ಬೇರೆ ಊರಿನಿಂದ ಬಂದ ನಾಲ್ಕು ಸಹಪಾಠಿಗಳ ಪರಿಚಯ ಮಾಡಿಕೊಳ್ಳಿ. ಮುಂದೆ ಪರೀಕ್ಷೆಯ ಪ್ರಕಟಣೆ ಬಂದಾಗ ಮೊದಲು ತಿಳಿಸುವವರು ಅವರೇ.

ನಮಾಝ್‌ನ ವೇಳೆಯ ಬಗ್ಗೆ ಮೊದಲ ದಿನವೇ ವಿನಯದಿಂದ ತಿಳಿಸಿ. ತರಗತಿಯ ನಡುವೆ ಹೇಳದೆ ಎದ್ದು ಹೋಗುವುದಕ್ಕಿಂತ, ಊಟದ ಬಿಡುವಿನಲ್ಲಿ ಝುಹರ್‌ಗೆ ವ್ಯವಸ್ಥೆ ಮಾಡಿಕೊಳ್ಳುವುದು ಎಲ್ಲರಿಗೂ ಅನುಕೂಲ. ಕೇಳಿದರೆ ಒಂದು ಮೂಲೆ ಬಿಟ್ಟುಕೊಡುವ ಸೌಜನ್ಯ ನಮ್ಮ ನಾಡಿನಲ್ಲಿ ಸಾಮಾನ್ಯವಾಗಿ ಇದ್ದೇ ಇದೆ.

ಮರಳಿ ಬಂದ ಮೇಲಿನ ಹದಿನೈದು ದಿನ ಅತ್ಯಂತ ಮುಖ್ಯ. ಕಲಿತದ್ದರಲ್ಲಿ ಒಂದನ್ನಾದರೂ ಆ ಅವಧಿಯಲ್ಲಿ ಕೆಲಸದಲ್ಲಿ ಬಳಸಿ. ಇಲ್ಲದಿದ್ದರೆ ಟಿಪ್ಪಣಿ ಪುಸ್ತಕ ಅಟ್ಟ ಸೇರುತ್ತದೆ. ಇನ್ನೊಬ್ಬ ಸಹೋದ್ಯೋಗಿಗೆ ಅದನ್ನು ಕಲಿಸಿ. ಕಲಿಸಿದರೆ ನಮ್ಮ ಬೆಲೆ ಕಡಿಮೆಯಾಗುತ್ತದೆಂಬ ಭಾವನೆ ಸರಿಯಲ್ಲ. ಜ್ಞಾನವನ್ನು ಮುಚ್ಚಿಡುವುದು ನಮ್ಮ ಧರ್ಮದಲ್ಲಿ ಮೆಚ್ಚುಗೆಯ ಗುಣವಲ್ಲ. ಲೌಕಿಕವಾಗಿ ನೋಡಿದರೂ ನಾಲ್ವರಿಗೆ ಕಲಿಸಬಲ್ಲವನೇ ಮೇಲ್ವಿಚಾರಕನಾಗಲು ಯೋಗ್ಯ. ಸರ್ಟಿಫಿಕೇಟಿನ ಪ್ರತಿಯನ್ನು ಸೇವಾ ದಾಖಲೆಗೆ ಸೇರಿಸುವಂತೆ ಪತ್ರ ಕೊಡಿ. ಗೋಡೆಯ ಮೇಲೆ ಚೌಕಟ್ಟಿನಲ್ಲಿರುವ ಸರ್ಟಿಫಿಕೇಟನ್ನು ಬಡ್ತಿ ಸಮಿತಿ ನೋಡುವುದಿಲ್ಲ.

ಬಡ್ತಿ ಮಾಡಿಸಿಕೊಡುತ್ತೇನೆ, ಇಷ್ಟು ಕೊಡಿ ಎನ್ನುವ ಮಧ್ಯವರ್ತಿಗಳು ಎಲ್ಲೆಡೆ ಇರುತ್ತಾರೆ. ಲಂಚ ಪಡೆಯುವವನಂತೆ ಕೊಡುವವನೂ ಶಾಪಗ್ರಸ್ತನೆಂದು ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ. ಹಾಗೆ ಕೊಂಡ ಕುರ್ಚಿಯಲ್ಲಿ ಕುಳಿತು ದುಡಿದ ಹಣದಲ್ಲಿ ಮಕ್ಕಳಿಗೆ ಉಣಿಸುವ ತುತ್ತು ಎಂತಹದು? ಓದಿ ಬರೆದು ಸೋತರೂ ಮುಂದಿನ ಸಲ ಮತ್ತೆ ಬರೆಯಬಹುದು.

ಮನೆಯೇ ಮೊದಲ ತರಬೇತಿ ಕೇಂದ್ರ

ಇಲಾಖಾ ಪರೀಕ್ಷೆಗೆ ಓದುವವನು ಕಾಲೇಜಿನ ಹುಡುಗನಲ್ಲ. ಎಂಟು ಹತ್ತು ತಾಸು ದುಡಿದು ಬಂದವನು, ಮಕ್ಕಳ ತಂದೆ. ಅವನ ಓದಿಗೆ ಮನೆ ಜಾಗ ಕೊಡದಿದ್ದರೆ ಯಾವ ಕಾರ್ಯಕ್ರಮದಿಂದಲೂ ಪ್ರಯೋಜನವಾಗದು. ಫಜ್ರ್ ನಮಾಝ್‌ನ ನಂತರದ ಒಂದು ಗಂಟೆ ಅತ್ಯುತ್ತಮ ಸಮಯ. ಮೊಬೈಲ್ ಆಗ ಸುಮ್ಮನಿರುತ್ತದೆ, ಓಣಿ ಶಾಂತವಾಗಿರುತ್ತದೆ. ದಿನಕ್ಕೆ ಒಂದೇ ಗಂಟೆಯಾದರೂ ಆರು ತಿಂಗಳಿಗೆ ನೂರೆಂಬತ್ತು ಗಂಟೆಗಳಾದವು. ಮಗ ಹತ್ತನೆಯ ತರಗತಿಗೆ ಓದುತ್ತಿದ್ದರೆ ತಂದೆಯೂ ಅದೇ ಮೇಜಿಗೆ ಕೂರಲಿ. ಅಬ್ಬಾ ಓದುವುದನ್ನು ನೋಡಿದ ಮಗನಿಗೆ ಓದು ಎಂದು ಬೇರೆ ಹೇಳಬೇಕಾಗಿಲ್ಲ.

ನೌಕರಿಯಲ್ಲಿರುವ ಸಹೋದರಿಯ ಪರಿಸ್ಥಿತಿ ಇನ್ನೂ ಕಠಿಣ. ಕಚೇರಿಯಿಂದ ಬಂದ ಕೂಡಲೇ ಎರಡನೆಯ ಪಾಳಿ ಆರಂಭ: ಅಡುಗೆ, ಪಾತ್ರೆ, ಮಕ್ಕಳ ಹೋಮ್‌ವರ್ಕ್. ತರಬೇತಿಗೆ ಹೆಸರು ಬಂದರೆ ಆಕೆಯೇ ಮೊದಲು ಬೇಡವೆಂದು ಬರೆದು ಕೊಡುತ್ತಾಳೆ. ಯಾರೂ ಆಕೆಯನ್ನು ತಡೆದಿರುವುದಿಲ್ಲ. ಆದರೆ ಹೋಗೆಂದು ಯಾರೂ ಹೇಳಿಯೂ ಇರುವುದಿಲ್ಲ. ಪ್ರವಾದಿಯವರು(ಸ) ಮನೆಯಲ್ಲಿ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಆ ಸುನ್ನತ್ತನ್ನು ಪಾಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? ಪರೀಕ್ಷೆಯ ಎರಡು ತಿಂಗಳು ರಾತ್ರಿಯ ರೊಟ್ಟಿ ಸೊಸೆಯ ಪಾಲಿಗೆ ಬೇಡವೆಂದು ಅತ್ತೆ ಹೇಳಿದರೆ, ಅದು ಸಾವಿರ ಆಶೀರ್ವಾದಗಳಿಗೆ ಸಮ.

ಮಗಳನ್ನು ಅಥವಾ ಸೊಸೆಯನ್ನು ಹೊರ ಊರಿನ ತರಬೇತಿಗೆ ಕಳಿಸುವುದು ಹೇಗೆಂಬ ಆತಂಕ ಅನೇಕ ಮನೆಗಳಲ್ಲಿದೆ. ಅದು ಸಹಜ. ಆದರೆ ಬೇಡ ಎನ್ನುವ ಮೊದಲು ವಿಚಾರಿಸಿ. ರಾಜ್ಯ ಸರಕಾರಿ ನೌಕರರ ಅನೇಕ ತರಬೇತಿಗಳು ಮೈಸೂರಿನ ಆಡಳಿತ ತರಬೇತಿ ಸಂಸ್ಥೆಗೆ ಹೋಗದೆ ಜಿಲ್ಲಾ ತರಬೇತಿ ಸಂಸ್ಥೆಗಳಲ್ಲೇ ನಡೆಯುತ್ತವೆ. ಶಿಕ್ಷಕಿಯರಿಗೆ ಧಾರವಾಡದ ಡಯಟ್ ಹತ್ತಿರದಲ್ಲೇ ಇದೆ. ಕೇಂದ್ರ ಸರಕಾರಿ ನೌಕರರಿಗೆ 2020ರಲ್ಲಿ ಆರಂಭವಾದ ಮಿಷನ್ ಕರ್ಮಯೋಗಿಯ ಪಾಠಗಳು ಮೊಬೈಲ್‌ನಲ್ಲೇ ಲಭ್ಯವಿವೆ. ಹೊರ ಊರಿಗೇ ಹೋಗಬೇಕಾದರೆ ಮಹಿಳೆಯರಿಗೆ ಪ್ರತ್ಯೇಕ ವಸತಿ ಇದೆಯೇ, ಜೊತೆಗೆ ಇನ್ಯಾರು ಬರುತ್ತಿದ್ದಾರೆ ಎಂದು ಕೇಳಿ ತಿಳಿಯಿರಿ. ತಂದೆಯೋ ಸಹೋದರನೋ ಗಂಡನೋ ಜೊತೆಗೆ ಹೋಗಿ ಬಿಟ್ಟು ಬರಲಿ. ದಾರಿ ಹುಡುಕುವ ಮನಸ್ಸಿದ್ದರೆ ಹದ್ದುಗಳೊಳಗೇ ದಾರಿ ಸಿಗುತ್ತದೆ.

ಯಾವ ಏಣಿಯೂ ಇಲ್ಲದವರು

ನಮ್ಮ ಬಹುಪಾಲು ಜನ ಇಂತಹ ದೊಡ್ಡ ಸಂಸ್ಥೆಗಳಲ್ಲಿಲ್ಲ ಎಂಬುದೂ ಸತ್ಯ. ಗ್ಯಾರೇಜು, ಹೊಲಿಗೆ, ಫರ್ನಿಚರ್, ಬಟ್ಟೆ ಅಂಗಡಿ, ಗುತ್ತಿಗೆದಾರನ ಕೈಕೆಳಗಿನ ಕೂಲಿ. ಅಲ್ಲಿ ಬಡ್ತಿಯೂ ಇಲ್ಲ, ತರಬೇತಿಯೂ ಇಲ್ಲ. ಅವರಿಗಾಗಿ ಇರುವ ಏಣಿ ಕಚೇರಿಯ ಹೊರಗಿದೆ. ಕೈಯಲ್ಲಿ ಕೆಲಸವಿದ್ದೂ ಕಾಗದವಿಲ್ಲದ ಮೆಕ್ಯಾನಿಕ್, ದರ್ಜಿ ಮೊದಲಾದವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ತರಲಾಯಿತು. ಐ.ಟಿ.ಐ. ಮುಗಿಸಿದ ಹುಡುಗರಿಗೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಂತಹ ಕಡೆ ಭತ್ಯೆಯೊಂದಿಗೆ ಕೆಲಸ ಕಲಿಯುವ ಅವಕಾಶವಿದೆ. ರೈಲ್ವೆಯ ಕೆಳ ದರ್ಜೆಯ ನೇರ ನೇಮಕಾತಿಯಲ್ಲಿ ಶೇ. 20ರಷ್ಟು ಸ್ಥಾನಗಳನ್ನು ಹೀಗೆ ಅಪ್ರೆಂಟಿಸ್ ಮುಗಿಸಿದವರಿಗೆ ಇಡಲಾಗಿದೆ. ಪದವಿ ಅರ್ಧಕ್ಕೆ ನಿಂತವರು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಅಥವಾ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಕೆಲಸ ಮಾಡುತ್ತಲೇ ಅದನ್ನು ಪೂರ್ಣಗೊಳಿಸಬಹುದು.

ಇಲ್ಲಿ ಜಮಾಅತ್‌ಗಳಿಗೂ ಒಂದು ಕೆಲಸವಿದೆ. ಪ್ರತಿ ಮೊಹಲ್ಲಾದಲ್ಲೂ ನೌಕರಿಯಿಂದ ನಿವೃತ್ತರಾದ ಹಿರಿಯರು ಇರುತ್ತಾರೆ. ನಿಯಮ ಬಲ್ಲವರು, ಅರ್ಜಿ ಬರೆಯಬಲ್ಲವರು. ವಾರಕ್ಕೊಮ್ಮೆ ಇಶಾ ನಮಾಝ್‌ನ ಬಳಿಕ ಅರ್ಧ ಗಂಟೆ ಅವರು ಮಸೀದಿಯ ಪಕ್ಕದ ಕೋಣೆಯಲ್ಲಿ ಕುಳಿತರೆ ಎಷ್ಟೋ ಯುವಕರಿಗೆ ದಾರಿ ತೋರುತ್ತದೆ. ಖರ್ಚಿಲ್ಲದ, ನಿರಂತರ ಪುಣ್ಯದ ಕೆಲಸವಿದು.

ಸಹೋದರ ಸಹೋದರಿಯರೇ, ಹಲಾಲ್ ಸಂಪಾದನೆಯೂ ಆರಾಧನೆಯೇ ಆಗಿರುವಾಗ, ಆ ಸಂಪಾದನೆಯ ಕೆಲಸವನ್ನು ಇನ್ನಷ್ಟು ಉತ್ತಮವಾಗಿ ಮಾಡಲು ಕಲಿಯುವುದು ಅದರಿಂದ ಹೊರಗೆ ಹೇಗಾದೀತು? ಫಲಿತಾಂಶ ಅಲ್ಲಾಹನ ಕೈಯಲ್ಲಿದೆ. ಅರ್ಜಿ ನಮ್ಮ ಕೈಯಲ್ಲಿದೆ. ಈ ವಾರ ಮನೆಯವರೆಲ್ಲ ಊಟಕ್ಕೆ ಕುಳಿತಾಗ ದುಡಿಯುವವರನ್ನು ಮೂರು ಪ್ರಶ್ನೆ ಕೇಳಿ: ನಿನ್ನ ಮೇ‌ಲಿನ ಹುದ್ದೆ ಯಾವುದು? ಅದಕ್ಕೆ ಏನು ಕಲಿಯಬೇಕು? ನಾವು ಯಾವ ಕೆಲಸವನ್ನು ನಿನ್ನ ತಲೆಯಿಂದ ಇಳಿಸಿದರೆ ನಿನಗೆ ಒಂದು ಗಂಟೆ ಸಿಗುತ್ತದೆ?

ಮೂರನೆಯ ಪ್ರಶ್ನೆಗೆ ಬರುವ ಉತ್ತರವನ್ನು ಮರುದಿನವೇ ಜಾರಿಗೆ ತನ್ನಿ.